ಬೇರೆ ಲೋಟ

ಮಾರ್ಚ್ ಹನ್ನೊಂದು, ಮಂಗಳವಾರ. ಬಿಳಿಯ ರಕ್ತಕಣಗಳು ಒಂದು ಸಾವಿರದ ಒಂಬೈನೂರು. ನಾಲ್ಕು ಸಾವಿರಕ್ಕಿಂತ ಕಡಿಮೆ ಇರಬಾರದೆಂದು ರಕ್ತಪರೀಕ್ಷೆಯ ಕಾಗದದ ಅಂಚಿನಲ್ಲಿ ಅಚ್ಚಾಗಿತ್ತು. ಅವನು ಮನಸ್ಸಿನಲ್ಲೇ ಕಳೆದು ನೋಡಿದ: ಎರಡು ಸಾವಿರದ ನೂರು ಕೊರತೆ. ಉತ್ತರ ತಡವಿಲ್ಲದೆ ಬಂದದ್ದಕ್ಕೆ ಒಂದು ಕ್ಷಣ ಸಮಾಧಾನವಾಯಿತು. ಕೊರತೆ ತನ್ನ ಮೈಯದೇ ಎಂಬುದು ಆಮೇಲೆ ತಿಳಿಯಿತು. ಆರು ದಿನದ ಜ್ವರ ಲೆಕ್ಕವನ್ನು ಕೆಡಿಸಿರಲಿಲ್ಲ, ಲೆಕ್ಕ ಹಾಕುವವನನ್ನು ಮಾತ್ರ ಕೆಡಿಸಿತ್ತು. ಕೋಣೆ ಒಬ್ಬರಿಗಾಗಿ ಕಟ್ಟಿದ್ದು. ಕಿಟಕಿ ತೆರೆಯುವಂಥದ್ದಲ್ಲ. ಬಾಗಿಲು ತಾನೇ ಮುಚ್ಚಿಕೊಳ್ಳುವಾಗ ಬೇಸತ್ತ ಮನುಷ್ಯನಂತೆ ಉಸಿರು ಬಿಡುತ್ತಿತ್ತು. ಒಳಗೆ ಬರುವವರೆಲ್ಲ ಬಾಯಿ ಮೂಗು ಮುಚ್ಚಿಕೊಂಡು, ಕೈ ತೊಳೆದುಕೊಂಡು ಬರಬೇಕು. ಮೊದಲ ದಿನ ಇದು ಅವನಿಗೆ ಹಿಡಿಸಿತ್ತು. ಅರವತ್ತು ವರ್ಷ ತಾನು ಹೇಗೆ ಬದುಕಿದ್ದನೋ ಈ ಆಸ್ಪತ್ರೆ ಹಾಗೆಯೇ ಬದುಕುತ್ತಿದೆ ಎನ್ನಿಸಿತ್ತು.

ಬೆಳಿಗ್ಗೆ ನರ್ಸ್ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದಳು. ಮುಳ್ಳು ಐವತ್ತೊಂದರಲ್ಲಿ ನಿಂತಿತು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದು, ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಪರೀಕ್ಷಿಸಿದವನು ಅವನು. "ಈ ಯಂತ್ರ ಸರಿಯಿಲ್ಲ," ಎಂದ. "ಹೌದಾ ಸರ್? ನಿಮ್ಮನ್ನ ಬಿಟ್ಟು ಎಲ್ರಿಗೂ ಸರಿಯಾಗೇ ತೋರಿಸ್ತಿದೆ," ಎಂದು ಅವಳು ನಕ್ಕಳು. ಅವನು ಬಿಡಲಿಲ್ಲ. ಮುಳ್ಳು ಸೊನ್ನೆಗೆ ಮರಳುವಾಗ ತಡೆಯುತ್ತಿದೆ, ಕನಿಷ್ಠ ಎರಡು ಕಿಲೋ ಕಡಿಮೆ ತೋರಿಸುತ್ತಿದೆ ಎಂದು ಇಲಾಖೆಯ ದನಿಯಲ್ಲಿ ಹೇಳಿದ. ಅವಳು ಪಕ್ಕದ ವಾರ್ಡಿಗೆ ಹೋಗಿ, ಇನ್ನೊಂದು ಯಂತ್ರವನ್ನು ಎರಡೂ ಕೈಯಲ್ಲಿ ಹೊತ್ತು ತಂದು ನೆಲಕ್ಕಿಟ್ಟಳು. ಅದರಲ್ಲೂ ಐವತ್ತೊಂದು. "ಎರಡೂ ಸೇರ್ಕೊಂಡು ನಿಮಗೆ ಮೋಸ ಮಾಡ್ತಿವೆ ನೋಡಿ ಸರ್," ಎಂದವಳು ಅವನ ಮುಖ ನೋಡಿ ತಟ್ಟನೆ ನಗು ನಿಲ್ಲಿಸಿ, ಅವನನ್ನು ಇಳಿಸಲು ಕೈ ಕೊಟ್ಟಳು. ಆ ಕೈಯನ್ನು ಹಿಡಿಯದೆ ಅವನಿಗೆ ಇಳಿಯಲಾಗಲಿಲ್ಲ. ಇಂಥ ಮುಖಗಳನ್ನು ಅವನು ಎಷ್ಟು ಅಂಗಡಿಗಳಲ್ಲಿ ಕಂಡಿದ್ದ! ತಕ್ಕಡಿ ಸರಿಯಿದೆ, ನಿಮ್ಮ ತೂಕದ ಬಟ್ಟೇ ತಪ್ಪು ಎಂದು ಹಟ ಹಿಡಿಯುವವರು. ಅವರ ಎದುರಿಗೆ ಅವನು ಮಾತಿಲ್ಲದೆ ತನ್ನ ಪೆಟ್ಟಿಗೆ ತೆರೆಯುತ್ತಿದ್ದ. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಇಲಾಖೆಯ ಮಾದರಿ ಬಟ್ಟುಗಳು, ದೊಡ್ಡದರಿಂದ ಚಿಕ್ಕದಕ್ಕೆ. ಅವುಗಳನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ಬೆರಳಿನ ಜಿಡ್ಡೂ ತೂಗುತ್ತದೆ. ಚಿಮಟದಲ್ಲಿ ಎತ್ತಿ, ಚಿಮಟದಲ್ಲೇ ಇಡಬೇಕು. ಒಂದು ಸಲ ಸಹಾಯಕನೊಬ್ಬ ಐದು ಗ್ರಾಮಿನ ಬಟ್ಟನ್ನು ಯಾವುದೋ ಅಂಗಡಿಯ ಚರಂಡಿಯಲ್ಲಿ ಬೀಳಿಸಿದ. ಹೊಸದು ಬರಲೇ ಇಲ್ಲ. ಎರಡು, ಎರಡು, ಒಂದು ಸೇರಿಸಿ ಐದು ಮಾಡಿಕೊಂಡು ಅವನು ನಿವೃತ್ತಿಯವರೆಗೆ ದೂಡಿದ. ಆ ಗುಳಿ ಮಾತ್ರ ಕೊನೆಯವರೆಗೂ ಖಾಲಿ ಉಳಿಯಿತು.

ಹನ್ನೊಂದಕ್ಕೆ ಡಾಕ್ಟರ್ ಬಂದಳು. ಚಿಕ್ಕ ವಯಸ್ಸು. ಮುಖವಾಡದ ಮೇಲೆ ಕಣ್ಣುಗಳು ಮಾತ್ರ, ಅವು ನಿದ್ದೆಗೆಟ್ಟಿದ್ದವು.

"ಜ್ವರಕ್ಕೆ ಕಾರಣ ಸಿಕ್ತು. ಒಂದು ವೈರಸ್. ಸಿಎಂವಿ ಅಂತೀವಿ."

"ಎಷ್ಟಿದೆ?"

"ಎಷ್ಟು ಅಂತ ಕೇಳೋರು ನೀವೊಬ್ರೇ ನೋಡಿ. ಎಲ್ಲರೂ ಹೋಗುತ್ತಾ ಅಂತ ಕೇಳ್ತಾರೆ. ನಲವತ್ತಾರು ಸಾವಿರ ಇದೆ, ಒಂದು ಮಿಲಿಲೀಟರ್ ರಕ್ತದಲ್ಲಿ."

"ಹೋಗುತ್ತಾ?"

"ಔಷಧಿ ಇದೆ. ದಿನಕ್ಕೆ ಎರಡು ಸಲ ಡ್ರಿಪ್ ಕೊಡ್ತೀವಿ, ಕಡಿಮೆ ಅಂದ್ರೂ ಎರಡು ವಾರ. ವಾರಕ್ಕೊಮ್ಮೆ ಎಣಿಸ್ತೀವಿ. ಇಳೀತಾ ಬಂದ್ರೆ ಅದನ್ನೇ ಮಾತ್ರೆ ರೂಪದಲ್ಲಿ ಕೊಟ್ಟು ಮನೆಗೆ ಕಳಿಸ್ತೀನಿ. ಇಳೀದಿದ್ರೆ ಇದು ಮದ್ದಿಗೆ ಬಗ್ಗದ ಜಾತಿನಾ ಅಂತ ನೋಡ್ಬೇಕು. ಅಂಥದ್ದಕ್ಕೂ ಈಗ ಹೊಸ ಮಾತ್ರೆ ಬಂದಿದೆ. ಕಷ್ಟ ಇರೋದು ಅಲ್ಲಲ್ಲ."

ಕಷ್ಟ ಇರುವುದು ಎಲ್ಲಿ ಎಂಬುದನ್ನು ಅವಳು ಹಾಸಿಗೆಯ ಅಂಚಿನಲ್ಲಿ ಕೂತು ವಿವರಿಸಿದಳು. ಹದಿನಾಲ್ಕು ತಿಂಗಳ ಹಿಂದೆ ಅವನ ಹೊಟ್ಟೆಯೊಳಗೆ ಇಟ್ಟ ಕಿಡ್ನಿ ಅವನದಲ್ಲ. ಮೈಯ ಕಾವಲಿನವರು ಅದನ್ನು ಕಳ್ಳನೆಂದು ಹೊಡೆಯದಿರಲಿ ಎಂದೇ ಮಾತ್ರೆಗಳಿಂದ ಅವರನ್ನು ಮಂಕು ಮಾಡಿ ಕೂರಿಸಿದ್ದು. ಕಾವಲು ಮಂಕಾದ ಹೊತ್ತಿನಲ್ಲಿ ವೈರಸ್ ತಲೆಯೆತ್ತಿತು. ತಲೆಯೆತ್ತಿದ್ದೇ ತಾನೂ ಕಾವಲನ್ನು ಕುಗ್ಗಿಸತೊಡಗಿತು. ಬೇರೆ ಸೋಂಕುಗಳಿಗೂ ಈಗ ಬಾಗಿಲು ತೆರೆದಂತೆಯೇ. ಸಾಲದ್ದಕ್ಕೆ ವೈರಸ್ಸನ್ನು ಕೊಲ್ಲುವ ಡ್ರಿಪ್ ಕೂಡ ಬಿಳಿಯ ಕಣಗಳನ್ನು ಇಳಿಸುತ್ತದೆ. ಒಂದೇ ಸಂಖ್ಯೆಯಿಂದ ಮೂವರು ಒಟ್ಟಿಗೆ ಕಳೆಯುತ್ತಿದ್ದಾರೆ ಎಂದು ಅವನು ಅರ್ಥ ಮಾಡಿಕೊಂಡ. ಮೂವರಲ್ಲಿ ಒಬ್ಬನನ್ನಾದರೂ ನಿಲ್ಲಿಸಬೇಕು.

"ಕಾವಲು ಮಂಕು ಮಾಡೋದ್ರಲ್ಲಿ ಆ ಉದ್ದನೆ ಮಾತ್ರೆ ಇವತ್ತು ಸಂಜೆಯಿಂದ ಬೇಡ. ಇನ್ನೊಂದು ಇರುತ್ತೆ, ಪೂರ್ತಿ ಬಿಡೋಕಾಗಲ್ಲ. ಕಣಗಳು ಇನ್ನೂ ಇಳಿದ್ರೆ ಅವನ್ನ ಎಬ್ಬಿಸೋಕೆ ಒಂದು ಇಂಜೆಕ್ಷನ್ ಕೊಡೋಣ."

"ಎಬ್ಬಿಸಿದ್ರೆ ಅವು ಕಿಡ್ನೀನ ಹೊಡೀತವೆ."

"ಹೊಡೀಬಹುದು. ಕಿಡ್ನಿಯ ಕ್ರಿಯಾಟಿನಿನ್ ಲೆಕ್ಕ ಈಗ್ಲೇ ಸ್ವಲ್ಪ ಏರಿದೆ. ವೈರಸ್ಸಿಂದ ಏರಿದೆಯೋ, ಹೊಡೆತ ಶುರುವಾಗಿದೆಯೋ, ಇವತ್ತು ಹೇಳೋಕಾಗಲ್ಲ. ಕಾದು ನೋಡ್ಬೇಕು."

ಅವಳು ಎದ್ದಳು. ಆಗಲೇ ಅವನು ಆ ಪ್ರಶ್ನೆ ಕೇಳಿದ್ದು. ಒಬ್ಬನೇ ಇರುತ್ತೇನೆ, ನೀರು ಕುದಿಸಿ ಕುಡಿಯುತ್ತೇನೆ, ಯಾರನ್ನೂ ಮುಟ್ಟುವುದಿಲ್ಲ, ಎಲ್ಲಿಂದ ಬಂತು ಇದು ಎಂದ.

"ಕಿಡ್ನಿ ಜೊತೇಲೇ ಬಂತು," ಎಂದಳು ಡಾಕ್ಟರ್. "ಮುಕ್ಕಾಲು ಜನಕ್ಕೆ ಚಿಕ್ಕಂದಿನಲ್ಲೇ ಬಂದಿರುತ್ತೆ. ಮಕ್ಕಳ ಜೊಲ್ಲು, ಎಂಜಲು, ಹೀಗೆ. ಒಂದೆರಡು ದಿನ ಮೈ ಬೆಚ್ಚಗಾಗುತ್ತೆ, ಅಷ್ಟೇ. ಆಮೇಲೆ ವೈರಸ್ ಒಳಗೇ ಮಲಗಿರುತ್ತೆ, ಮೈಗೆ ಅದರ ಗುರುತು ಸಿಕ್ಕಿರುತ್ತೆ, ಏಳೋಕೆ ಬಿಡಲ್ಲ. ಕಿಡ್ನಿ ಕೊಟ್ಟ ನಿಮ್ಮ ಅಕ್ಕನಲ್ಲಿ ಹಾಗೆ ಮಲಗಿತ್ತು. ನಿಮಗೆ ಮಾತ್ರ ಜೀವಮಾನದಲ್ಲೇ ಬಂದಿರಲಿಲ್ಲ. ಈ ವಯಸ್ಸಿಗೆ ಅಪರೂಪ. ಅದಕ್ಕೇ ಅಲ್ವಾ, ಆಪರೇಷನ್ ಆದ ಮೇಲೆ ಆರು ತಿಂಗಳು ತಡೆ ಮಾತ್ರೆ ಕೊಟ್ಟಿದ್ದು? ಮೊದಲೇ ಹೇಳಿರ್ತಾರೆ, ಸಹಿ ಹಾಕಿದ್ದೀರಿ."

ಸಹಿ ಹಾಕಿದ್ದು ನೆನಪಿತ್ತು. ಆ ದಿನಗಳಲ್ಲಿ ರಕ್ತದಲ್ಲಿ ವಿಷವೇರಿ, ಎದುರಿನವರ ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು; ಎಲ್ಲಿ ತೋರಿಸಿದರೆ ಅಲ್ಲಿ ಹೆಸರು ಬರೆದಿದ್ದ. ಬಾಗಿಲು ಉಸಿರುಬಿಟ್ಟು ಮುಚ್ಚಿಕೊಂಡಿತು. ಆಮೇಲೆ ತನ್ನೊಳಗೆ ಏನೋ ಹಗುರಾದದ್ದು ಅವನ ಗಮನಕ್ಕೆ ಬಂತು. ಭಯವಾಗಬೇಕಿದ್ದ ಜಾಗದಲ್ಲಿ ಹಗುರ. ಅದೇನೆಂದು ಹುಡುಕಿದ. ಸಿಕ್ಕಿದಾಗ ಮುಖ ಗೋಡೆಯ ಕಡೆಗೆ ತಿರುಗಿಸಿದ. ಹದಿನಾಲ್ಕು ತಿಂಗಳಿಂದ ತಕ್ಕಡಿಯ ಒಂದು ತಟ್ಟೆ ನೆಲ ಕಚ್ಚಿ ಕೂತಿತ್ತು. ಅದರಲ್ಲಿದ್ದದ್ದು ನೂರೈವತ್ತು ಗ್ರಾಂ, ಒಂದು ಕಿಡ್ನಿಯ ತೂಕ. ಇನ್ನೊಂದು ತಟ್ಟೆಯಲ್ಲಿ ಇಡಲು ಅವನ ಬಳಿ ಏನೂ ಇರಲಿಲ್ಲ. ಈಗ ಅದರ ಮೇಲೆ ಕಣ್ಣಿಗೆ ಕಾಣದ, ತೂಗಲಾಗದ ಒಂದು ವಸ್ತುವನ್ನು ಆ ಡಾಕ್ಟರ್ ಹುಡುಗಿ ಇಟ್ಟು ಹೋಗಿದ್ದಳು, ಮುಳ್ಳು ಅಲ್ಲಾಡಿತ್ತು. ಅಕ್ಕ ಕೊಟ್ಟಳು, ಕೊಟ್ಟದ್ದರೊಳಗೆ ಇದನ್ನೂ ಇಟ್ಟು ಕೊಟ್ಟಳು. ಹಾಗಾದರೆ ಇನ್ನು ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ಇಷ್ಟು ನೀಚವಾದ ವಿಚಾರ ಇಷ್ಟು ಸ್ವಚ್ಛವಾದ ಗಣಿತದಲ್ಲಿ ಹುಟ್ಟಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗಿ, ನಾಲಿಗೆ ಹುಳುಕು ಹಲ್ಲನ್ನು ಮುಟ್ಟಿ ನೋಡುವಂತೆ ಮುಟ್ಟಿ ಬರುತ್ತಿತ್ತು.

ಕೊಟ್ಟದ್ದಾದರೂ ಹೇಗೆ! ಅವನ ಮನೆಯ ಒಂದೇ ಕುರ್ಚಿಯಲ್ಲಿ ಕೂತು, ಮಳೆಗೆ ಕೊಡೆ ಕೊಡುವವಳಂತೆ, "ನನ್ನ ಹತ್ರ ಎರಡಿದೆಯಲ್ಲೋ, ಒಂದು ತಗೋ," ಎಂದಿದ್ದಳು. ಅವನು "ಸರಿ," ಎಂದಿದ್ದ. ಅದೊಂದೇ ಮಾತು. ಅದಕ್ಕಿಂತ ದೊಡ್ಡ ಮಾತು ಬೇಕಿತ್ತು. ದೊಡ್ಡ ಮಾತು ಸಿಗಲಿಲ್ಲವೆಂದು ಚಿಕ್ಕದನ್ನೂ ಮತ್ತೆ ಆಡಲಿಲ್ಲ. ಆಪರೇಷನ್ ಆದ ಐದನೆಯ ದಿನ ಅವಳು ಗೋಡೆ ಹಿಡಿದು, ಪಕ್ಕೆಗೆ ದಿಂಬು ಒತ್ತಿಕೊಂಡು ಅವನ ಹಾಸಿಗೆಯವರೆಗೆ ಬಂದು, ಕೊಳವೆಯಲ್ಲಿ ಇಳಿಯುತ್ತಿದ್ದ ಮೂತ್ರವನ್ನು ನೋಡಿ, "ಪರವಾಗಿಲ್ವೇ, ನನ್ನದು ಅಲ್ಲೂ ಕೆಲಸಗಳ್ಳತನ ಮಾಡ್ತಿಲ್ಲ," ಎಂದು ನಕ್ಕು, ನಕ್ಕಿದ್ದಕ್ಕೆ ನೋವಾಗಿ ಹಲ್ಲು ಕಚ್ಚಿದ್ದಳು. ಅವನು ಕೊಳವೆಯನ್ನೇ ನೋಡಿದ್ದ. ಅವಳದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಸದಾ ಯಾರದೋ ಮೂಗು ಸುರಿಯುತ್ತಿರುತ್ತದೆ. ಅದನ್ನು ಕೈಯಿಂದಲೇ ಒರೆಸಿ, ಅದೇ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, ಇನ್ನೊಂದು ಮಗು ಕಚ್ಚಿ ಬಿಟ್ಟ ಬಿಸ್ಕತ್ತನ್ನು ತನ್ನ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅವನು ಆ ಮನೆಗೆ ಹೋದರೆ ಬಾಗಿಲ ಬಳಿಯೇ ನಿಲ್ಲುವವನು, ನೀರು ಕೊಟ್ಟರೆ ಬೇಡವೆನ್ನುವವನು. ಈಚೆಗೆ ಹೋಗುವುದನ್ನೇ ಬಿಟ್ಟಿದ್ದ. ಕಾರಣವೂ ಕೈಯಲ್ಲಿತ್ತು: ಡಾಕ್ಟರ್ ಸೋಂಕಿನಿಂದ ದೂರವಿರು ಎಂದಿದ್ದಾರೆ. ಅವಳೇ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಊಟ ಆಯಿತಾ ಎಂದಲ್ಲ, ನಿದ್ದೆ ಬಂತಾ ಎಂದಲ್ಲ, ಮೊದಲ ಮಾತೇ, "ಜ್ವರ ಇಲ್ಲ ತಾನೇ?" ಫೋನು ಬಡಿದುಕೊಂಡರೂ ಅವನು ತಡಮಾಡಿಯೇ ಎತ್ತುತ್ತಿದ್ದ. ಕೊಟ್ಟವರು ಕೊಟ್ಟದ್ದು ನೆಟ್ಟಗಿದೆಯೇ ಎಂದು ವಾರಕ್ಕೊಮ್ಮೆ ಬಂದು ನೋಡಿಹೋಗುತ್ತಾರೆ, ಅಷ್ಟೇ. "ಇಲ್ಲ," ಎಂದು ಫೋನು ಇಡುತ್ತಿದ್ದ.

ಮೇಜಿನ ಮೇಲೆ ಅವನ ಲೋಟವಿತ್ತು. ಮನೆಯಿಂದ ತಂದದ್ದು. ತಳದಲ್ಲಿ ಮೊಳೆಯಿಂದ ಕುಟ್ಟಿದ ಒಂದು ಚುಕ್ಕೆ. ಅವನು ಹುಟ್ಟಿದ ವರ್ಷ ಕೈಗೂಸಾಗಿದ್ದಾಗಲೇ ಸಾಯುವಷ್ಟು ಕಾಯಿಲೆಯಾಗಿ ಉಳಿದನಂತೆ. ಅಂದಿನಿಂದ ಅಮ್ಮ ಅವನಿಗೊಂದು ಬೇರೆ ತಟ್ಟೆ, ಬೇರೆ ಲೋಟ ಮಾಡಿದಳು. ಅಕ್ಕ, ಚಿಕ್ಕಪ್ಪನ ಮಕ್ಕಳು ಮೂವರು, ಎಲ್ಲರೂ ಒಂದೇ ಚೊಂಬಿನಿಂದ ಕುಡಿದು, ಒಂದೇ ಹಾಸಿಗೆಯಲ್ಲಿ ಕೆಮ್ಮಿ, ಒಬ್ಬರ ಜ್ವರವನ್ನು ಇನ್ನೊಬ್ಬರು ಹಂಚಿಕೊಂಡು ಬೆಳೆದರು. ಅವನನ್ನು ಚುಕ್ಕೆಯ ಲೋಟ ಬೇರೆ ಮಾಡಿತು. ಮೊದಲು ಅದು ಅಮ್ಮನ ಭಯ, ಆಮೇಲೆ ಅವನ ಹೆಮ್ಮೆ, ಕೊನೆಗೆ ಸ್ವಭಾವ. ಮದುವೆಯಾಗಲಿಲ್ಲ. ಯಾರ ಬಾಯಿಯೂ ಸೋಂಕದ ಲೋಟದಲ್ಲಿ ನೀರು ಕುಡಿಯುವವನಿಗೆ ಮದುವೆಯೇಕೆ ಎಂದು ಕಚೇರಿಯಲ್ಲಿ ನಗುತ್ತಿದ್ದರು. ಚಿಮಟದಲ್ಲಿ ಎತ್ತಿ ಮಖಮಲ್ಲಿನಲ್ಲಿ ಇಟ್ಟ ಬಟ್ಟು ಎಂದೆಂದಿಗೂ ಸರಿಯಾಗಿ ತೂಗುತ್ತದೆ ಎಂದು ಅವನು ನಂಬಿದ್ದ. ಲೋಹದ ಮಟ್ಟಿಗೆ ಅದು ನಿಜ. ಮೈ ಕೊಳೆಯಿಂದಲೇ ಕಲಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅವನ ಮೈ ಅರವತ್ತು ವರ್ಷ ಶಾಲೆಗೇ ಹೋಗದೆ ಕೂತಿತ್ತು.

ನಾಲ್ಕಕ್ಕೆ ಅಕ್ಕ ಬರುತ್ತಾಳೆ. ಬಂದರೆ ಕೇಳುತ್ತಾಳೆ. ಹೇಳಬೇಕೇ? ಹೇಳಿದರೆ ಅವಳು ಮುರಿದುಹೋಗುತ್ತಾಳೆ: ತನ್ನ ಕಿಡ್ನಿಯೇ ತಮ್ಮನನ್ನು ತಿನ್ನುತ್ತಿದೆ ಎಂದು. ಹೇಳದಿದ್ದರೆ ತಾನು ದೊಡ್ಡ ಮನಸ್ಸಿನವನಾಗುತ್ತೇನೆ. ಆ ಆಸೆಯನ್ನೂ ಅವನು ನಂಬಲಿಲ್ಲ. ಅದೂ ತಟ್ಟೆಯಲ್ಲಿಡಲು ಹುಡುಕಿದ ಇನ್ನೊಂದು ಬಟ್ಟು. ಹೇಳಿ ಸರಿದೂಗಿಸುವುದು, ಹೇಳದೆ ಸರಿದೂಗಿಸುವುದು. ಎರಡು ದಾರಿಯಲ್ಲೂ ಬರುವ ಉತ್ತರ ಒಂದೇ ಎಂದು ಕಂಡಾಗ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಡ್ರಿಪ್ಪಿನ ಮೊದಲ ಚೀಲ ಮುಗಿದಿತ್ತು. ತೋಳು ಮೊಣಕೈವರೆಗೆ ತಣ್ಣಗಾಗಿತ್ತು.

ಅಕ್ಕ ಮೊದಲು ಗಾಜಿನಾಚೆ ಕಂಡಳು. ನರ್ಸ್ ಕೊಟ್ಟ ಮುಖವಾಡವನ್ನು ತಲೆಕೆಳಗಾಗಿ ಕಟ್ಟಿಕೊಂಡು, ಬೈಸಿಕೊಂಡು, ತಿರುಗಿಸಿಕೊಂಡು, ಕೈ ತೊಳೆದು ಒಳಗೆ ಬಂದಳು. ಅರವತ್ತನಾಲ್ಕು ವರ್ಷ. ನಡೆಯುವಾಗ ಎಡಗಡೆಗೆ ಸ್ವಲ್ಪ ವಾಲುತ್ತಿದ್ದಳು. ಹಿಂದೆ ಹೀಗೆ ವಾಲುತ್ತಿದ್ದಳೇ? ಅವನಿಗೆ ನೆನಪಾಗಲಿಲ್ಲ. ನೋಡಿದ್ದರೆ ತಾನೇ ನೆನಪು.

"ಏನೋ ಪುಟ್ಟಾ, ಅರಮನೆ ಹಿಡಿದುಬಿಟ್ಟಿದ್ದೀಯ. ಇಡೀ ಕೋಣೆ ಒಬ್ನಿಗೇ! ಅಮ್ಮ ನೋಡಿದ್ರೆ ಖುಷಿ ಪಡೋಳು."

"ಕೂತ್ಕೋ ಅಕ್ಕ. ಹಾಸಿಗೆ ಮೇಲಲ್ಲ, ಕುರ್ಚಿ ಮೇಲೆ."

"ಗೊತ್ತು ಮಾರಾಯ, ನಿನ್ನ ಹಾಸಿಗೆ ಮೇಲೆ ಯಾವತ್ತು ಕೂರಿಸಿದ್ದೆ?" ಕುರ್ಚಿಯ ಕೈಯನ್ನು ಹಿಡಿದು, ಎರಡು ಹಂತದಲ್ಲಿ ಕೂತಳು. ಸ್ವಲ್ಪ ಹೊತ್ತು ಡ್ರಿಪ್ಪನ್ನು ನೋಡಿದಳು. ಮುಖವಾಡ ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ಆಮೇಲೆ, ಧ್ವನಿಯನ್ನು ಬದಲಿಸದೆ, "ಅದೇ ತಾನೇ? ನನ್ನದು?" ಎಂದಳು.

ಅವನು ದಿಂಬಿನಿಂದ ತಲೆಯೆತ್ತಿದ.

"ನಿನಗೆ ಯಾರು ಹೇಳಿದ್ರು?"

"ಯಾರು ಹೇಳಬೇಕೋ? ಆಪರೇಷನ್ನಿಗೆ ಮುಂಚೆ ಆ ದೊಡ್ಡ ಡಾಕ್ಟರ್ ಕೂರಿಸ್ಕೊಂಡು ಹೇಳಿರ್ಲಿಲ್ವಾ, ಈ ವೈರಸ್ ನಿನ್ನಲ್ಲಿದೆ, ನಿನ್ನ ತಮ್ಮನಲ್ಲಿಲ್ಲ, ಹೋದ್ರೆ ಅವನಿಗೆ ಕಷ್ಟ ಆಗಬಹುದು ಅಂತ. ನೀನೂ ಪಕ್ಕದಲ್ಲೇ ಇದ್ದೆ, ಗಡಿಯಾರ ನೋಡ್ತಾ ಕೂತಿದ್ದೆ. ಹಾಗಾದ್ರೆ ಬೇಡ, ಬೇರೆ ಯಾರದ್ದಾದ್ರೂ ನೋಡಿ ಅಂದೆ ನಾನು. ಬೇರೆಯವರು ಸಿಗೋ ಹೊತ್ತಿಗೆ ಇವನು ಇರಲ್ಲ, ಮಾತ್ರೆ ಕೊಟ್ಟು ತಡೀತೀವಿ ಅಂದ್ರು. ಆರು ತಿಂಗಳು ತಡೆದ್ರು. ಆಮೇಲೆ?" ಮುಖವಾಡವನ್ನು ಎರಡು ಬೆರಳಿನಿಂದ ಒತ್ತಿ ಸರಿಮಾಡಿಕೊಂಡಳು. "ಭಾನುವಾರ ಬಂತು ಅಂದ್ರೆ ಬೆಳಿಗ್ಗೆಯಿಂದ ನನಗೆ ಕೈಕಾಲು ಆಡ್ತಿರ್ಲಿಲ್ಲ. ನೀನು 'ಇಲ್ಲ' ಅಂತ ಇಟ್ಟುಬಿಡ್ತಿದ್ದೆಯಲ್ಲ, ಅಷ್ಟಾದ ಮೇಲೆ ಊಟ ಮಾಡ್ತಿದ್ದೆ."

ಫೋನು ಹಾಗೆ ಬಡಿದುಕೊಂಡ ಭಾನುವಾರಗಳೆಲ್ಲ ಒಂದೊಂದಾಗಿ ಮಗುಚಿ ಬಿದ್ದವು. ಅವನು ವಸೂಲಿಗೆ ಬಂದವಳೆಂದು ತಿಳಿದಿದ್ದ. ಅವಳು ಇಡೀ ಕಾಲ ಅಪರಾಧಿಯಂತೆ ಬಾಗಿಲ ಹೊರಗೆ ನಿಂತಿದ್ದಳು. ಬೆಳಿಗ್ಗೆಯಿಂದ ಅವನು ತೂಗಿದ್ದೆಲ್ಲ, ಆ ತಟ್ಟೆ ಈ ತಟ್ಟೆ ಎಲ್ಲ, ತಕ್ಕಡಿಯೇ ಇಲ್ಲದ ಜಾಗದಲ್ಲಿ ತೂಗಿದ್ದು.

"ನಿನ್ನ ತಪ್ಪಲ್ಲ," ಎಂದ. ಒಣಗಿದ ಮಾತು.

"ನನ್ನದಲ್ಲ ಅಂತ ನನಗೂ ಗೊತ್ತು ಕಣೋ. ಅಮ್ಮನದು." ಅವಳ ಕಣ್ಣು ಮೇಜಿನ ಮೇಲಿನ ಲೋಟಕ್ಕೆ ಹೋಗಿತ್ತು. "ಇನ್ನೂ ಇಟ್ಕೊಂಡಿದ್ದೀಯಾ ಇದನ್ನ! ಜ್ಞಾಪಕ ಇದೆಯಾ, ಒಂದು ಸಲ ಬಾಯಾರಿ ಇದರಲ್ಲೇ ಒಂದು ಗುಟುಕು ಕುಡಿದೆ. ಅಂಚು ಒದ್ದೆ ಆಗಿದೆ ಅಂತ ನೀನು ಓಡಿಹೋಗಿ ಅಮ್ಮನಿಗೆ ಹೇಳಿದೆ. ಈ ಕೆನ್ನೆ ಎರಡು ದಿನ ಊದಿತ್ತು. ಲೋಟಾನ ಬೂದಿ ಹಾಕಿ ಮೂರು ಸಲ ಬೆಳಗಿದ್ಲು. ಅವತ್ತು ಸುಮ್ನೆ ಅದೇ ಲೋಟದಲ್ಲಿ ನಿನಗೆ ಕುಡಿಸಿದ್ರೆ, ಎರಡು ದಿನ ಮೈ ಬೆಚ್ಚಗಾಗಿ ಮುಗಿದುಹೋಗ್ತಿತ್ತು. ಇವತ್ತು ಈ ಬಾಟ್ಲಿ, ಈ ಸೂಜಿ ಯಾವುದೂ ಇರ್ತಿರ್ಲಿಲ್ಲ." ಹಳೆಯ ಕೀಟಲೆಯ ದನಿಯಲ್ಲಿ, "ಅಂತೂ ಇಂತೂ ನನ್ನ ಎಂಜಲು ನಿನಗೆ ಸೇರಿತಲ್ಲೋ," ಎಂದು ನಕ್ಕಳು. ನಗು ಮುಖವಾಡದೊಳಗೇ ಉಳಿದು, ಕಣ್ಣಲ್ಲಿ ನೀರಾಯಿತು. ಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು, ಅಂದು ದಿಂಬು ಒತ್ತಿಕೊಂಡ ಹಾಗೆಯೇ.

ಅವನು ಆ ಕೈಯನ್ನು ನೋಡಿದ. ಹದಿನಾಲ್ಕು ತಿಂಗಳು ಗಂಟಲಲ್ಲಿ ಕಾದಿದ್ದ ದೊಡ್ಡ ಮಾತು ಈಗಲೂ ಬರಲಿಲ್ಲ. ಬಂದದ್ದು ಇಷ್ಟೇ:

"ನೋವಿದೆಯಾ ಅಕ್ಕ?"

ಇಲ್ಲವೆನ್ನುತ್ತಾಳೆ ಎಂದು ಅವನು ಕಾದ. ಇಲ್ಲವೆನ್ನಲಿ ಎಂದು ಆಸೆಪಟ್ಟ.

"ಇದೆ," ಎಂದಳು. "ಮಗು ಎತ್ತಿದ್ರೆ ಇಲ್ಲಿಂದ ಇಲ್ಲಿಗೆ ಎಳೆಯುತ್ತೆ. ಈಗ ದೊಡ್ಡ ಮಕ್ಕಳನ್ನ ಎತ್ತೋದು ಬಿಟ್ಟಿದ್ದೀನಿ. ಅವು ಕೈ ಚಾಚ್ತವೆ, ಏನು ಮಾಡೋದು." ಬೆರಳಿನಿಂದ ಗೆರೆ ಎಳೆದು ತೋರಿಸಿದಳು, ಬೆನ್ನಿನಿಂದ ಮುಂದಕ್ಕೆ. ಒಂದು ಗೇಣು ಎಂದು ಅವನ ಕಣ್ಣು ಅಳೆಯಿತು, ಅಳೆದದ್ದಕ್ಕೆ ನಾಚಿಕೊಂಡಿತು. ಅವನು ಸೂಜಿಯಿಲ್ಲದ ಕೈಯನ್ನು ಮುಂದೆ ಚಾಚಿದ. ಏತಕ್ಕೆ ಚಾಚಿದೆನೆಂದು ಅವನಿಗೇ ತಿಳಿಯದು. ಅಕ್ಕ ಆ ಕೈಯನ್ನು ನೋಡಿದಳು, ತನ್ನ ತೊಳೆದ ಕೈಗಳನ್ನು ನೋಡಿಕೊಂಡಳು. "ಬೇಡ ಪುಟ್ಟಾ. ಮನೇಲಿ ಇಬ್ರಿಗೆ ನೆಗಡಿ. ಎಷ್ಟು ತೊಳೆದ್ರೂ ನನ್ನದು ಅದೇ ಕೈ. ಕಣ ಮೇಲಕ್ಕೆ ಬರಲಿ, ಆಮೇಲೆ ಹಿಡಿಯೋಣ," ಎಂದು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವನ ಕೈ ಹೊದಿಕೆಯ ಮೇಲೆ ಅಂಗಾತ ಸ್ವಲ್ಪ ಹೊತ್ತು ಬಿದ್ದಿತ್ತು.

ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯಿತು. ಏಳುವಾಗ ಅವಳು, "ಭಾನುವಾರ ಫೋನ್ ಮಾಡ್ತೀನಿ," ಎಂದಳು. "ಬೇಡ, ನಾನೇ ಮಾಡ್ತೀನಿ," ಎಂದ. "ಮಾಡ್ತೀಯಾ? ನೋಡೋಣ," ಎಂದಳು, ನಂಬಿದವಳ ದನಿಯಲ್ಲ, ಬೇಸರಿಸಿಕೊಂಡವಳ ದನಿಯೂ ಅಲ್ಲ. ಬಾಗಿಲು ಉಸಿರುಬಿಟ್ಟಿತು. ಗಾಜಿನಾಚೆ ಅವಳು ಎಡಕ್ಕೆ ವಾಲುತ್ತ, ಗೋಡೆಗೆ ಕೈಯಿಡುತ್ತ, ಕೊನೆಯ ತಿರುವಿನವರೆಗೆ ಹೋಗುವುದನ್ನು ಅವನು ಪೂರ್ತಿ ನೋಡಿದ.

ಕತ್ತಲಾಗುವ ಮೊದಲು ನರ್ಸ್ ಎರಡನೆಯ ಚೀಲ ತೂಗುಹಾಕಿ, ಸಂಜೆಯ ಮಾತ್ರೆಗಳ ತಟ್ಟೆಯನ್ನು ಮುಂದಿಟ್ಟಳು. ತಟ್ಟೆಯಲ್ಲಿ ಮೂರು ಗುಳಿಗಳು. ಎರಡರಲ್ಲಿ ಮಾತ್ರೆ ಇತ್ತು. ಉದ್ದನೆಯದರ ಗುಳಿ ಖಾಲಿ. ಹದಿನಾಲ್ಕು ತಿಂಗಳು ಅಕ್ಕನ ಪಾಲನ್ನು ಅವನ ಮೈಯಿಂದ ಕಾಪಾಡಿದ್ದರಲ್ಲಿ ಒಂದು ಅದು. ಇಂದು ರಾತ್ರಿಯಿಂದ ಅವಳ ಪಾಲಿಗೆ ರಕ್ಷಣೆ ಅಷ್ಟು ತೆಳು. ಮೈ ಎಚ್ಚರಗೊಳ್ಳುತ್ತದೆ, ಎಚ್ಚರಗೊಂಡದ್ದು ಯಾರ ಮೇಲೆ ಕೈಮಾಡುತ್ತದೆಂದು ವಾರ ಕಳೆದ ಮೇಲೆ ತಿಳಿಯುತ್ತದೆ. "ಒಂದು ಕಡಿಮೆ ಇದೆ ಅಂತ ನೋಡ್ತಿದ್ದೀರಾ ಸರ್? ಲೆಕ್ಕ ಸರಿಯಾಗೇ ಇದೆ, ಡಾಕ್ಟರ್ ಹೇಳಿದ್ದು," ಎಂದಳು ನರ್ಸ್. ಅವನು ತಲೆಯಾಡಿಸಿದ. ಎರಡನ್ನು ಬಾಯಿಗೆ ಹಾಕಿಕೊಂಡು, ಚುಕ್ಕೆಯ ಲೋಟ ಎತ್ತಿ ನೀರು ಕುಡಿದ. ಅಂಚು ಒಣಗಿತ್ತು, ಎಂದಿನಂತೆ. ಆ ಖಾಲಿ ಗುಳಿಯನ್ನು ಉಳಿದವುಗಳಿಂದ ಕೂಡಿಸಿ ತುಂಬಿಸುವ ಉಪಾಯ ಅವನಿಗೆ ಯಾವುದೂ ಹೊಳೆಯಲಿಲ್ಲ. ನರ್ಸ್ ತಟ್ಟೆಯನ್ನು ತೆಗೆದುಕೊಂಡು ಹೋದಳು.